ಭಾವನವರ ಸದ್ದಿಲ್ಲದ ಪರದೆ

ಯಾರನ್ನಾದರೂ ಯಾರಾದರೂ ಹೊಗಳಿದ್ದು ಕಿವಿಗೆ ಬಿದ್ದ ಕೂಡಲೇ ಅವರು ಕನ್ನಡಕ ತೆಗೆದು ಒರೆಸತೊಡಗುತ್ತಿದ್ದರು. ಗಾಜು ಎಷ್ಟೇ ನಿರ್ಮಲವಾಗಿರಲಿ, ಬೂದುಬಣ್ಣದ ಕೋಟಿನ ಒಳಜೇಬಿನಿಂದ ಕರವಸ್ತ್ರ ಹೊರಬರುತ್ತಿತ್ತು, ಎರಡೂ ಗಾಜಿನ ಮೇಲೆ ಉಸಿರಿನ ಹಬೆ ಬೀಳುತ್ತಿತ್ತು, ಹೊಗಳಿಕೆ ಮುಗಿಯುವವರೆಗೂ ಆ ಸಮ್ಮಾರ್ಜನೆ ಸಾಂಗವಾಗಿ ನಡೆಯುತ್ತಿತ್ತು. ಮುಗಿದ ಮೇಲೆ ಕನ್ನಡಕವನ್ನು ಮೂಗಿಗೇರಿಸಿ, ಹೊಗಳಿದವರನ್ನು ಆಗಷ್ಟೇ ಕಂಡವರಂತೆ ನೋಡಿ, "ಇರಬಹುದು, ಇರಬಹುದು" ಎನ್ನುತ್ತಿದ್ದರು. ಮೊದಲನೆಯ 'ಇರಬಹುದು' ಸೌಜನ್ಯದ್ದು, ಎರಡನೆಯದು ಹೊಟ್ಟೆಕಿಚ್ಚಿನದು ಎಂಬುದು ನಮ್ಮ ಕಚೇರಿಯಲ್ಲಿ ಎಲ್ಲರಿಗೂ ತಿಳಿದ ಸಂಗತಿ. ಕಾವಲುಗಾರನ ಒತ್ತಾದ ತಲೆಗೂದಲಿನಿಂದ ಹಿಡಿದು ದೊಡ್ಡ ಸಾಹೇಬರ ಮಧ್ಯಾಹ್ನದ ನಿದ್ದೆಯವರೆಗೆ ಅವರು ಕರುಬದ ವಸ್ತುವಿರಲಿಲ್ಲ. ಹಾಗೆಂದು ಅವರು ಕೆಟ್ಟವರೇನಲ್ಲ. ಯಾರ ಕಾಲನ್ನೂ ಎಳೆದವರಲ್ಲ, ಬೆನ್ನ ಹಿಂದೆ ಚಾಡಿ ಹೇಳಿದವರಲ್ಲ. ಅವರ ಕಿಚ್ಚು ಅವರ ಹೊಟ್ಟೆಯನ್ನು ಮಾತ್ರ ಸುಡುತ್ತಿತ್ತು.

ನಡಿಗೆಯೂ ಆ ಸ್ವಭಾವಕ್ಕೆ ತಕ್ಕುದಾಗಿಯೇ ಇತ್ತು. ಮೇಜುಗಳ ಸಾಲಿನ ನಡುವೆ ಹಾಯುವಾಗ ಕತ್ತು ನೆಟ್ಟಗೆ, ಗದ್ದ ಮೇಲಕ್ಕೆ, ಕೈಗಳೆರಡೂ ಬೆನ್ನ ಹಿಂದೆ. ಕಣ್ಣು ಮಾತ್ರ ಎಡಕ್ಕೊಮ್ಮೆ ಬಲಕ್ಕೊಮ್ಮೆ ಜಾರಿ ಪ್ರತಿಯೊಬ್ಬರ ಪರದೆಯನ್ನೂ ಸವರಿಕೊಂಡು ಬರುತ್ತಿತ್ತು. ಯಾರ ಕೆಲಸ ಎಲ್ಲಿಯವರೆಗೆ ಬಂದಿದೆ ಎಂಬುದು ದೊಡ್ಡ ಸಾಹೇಬರಿಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತಿತ್ತು.

ನಮ್ಮದು ಕೈಪಿಡಿ ಬರೆಯುವ ಕಚೇರಿ. ನೀರೆತ್ತುವ ಪಂಪು, ಎತ್ತರದ ಕಟ್ಟಡದ ಲಿಫ್ಟು, ಕಾರ್ಖಾನೆಯ ಬಾಯ್ಲರು, ಯಾವ ಯಂತ್ರವೇ ಇರಲಿ, ಅದನ್ನು ನಡೆಸುವ ಬಗೆಯನ್ನು ತಿಳಿಯುವ ಹಾಗೆ ಬರೆದುಕೊಡುವುದು ನಮ್ಮ ಕಾಯಕ. ಪ್ರತಿಯೊಂದು ಕೈಪಿಡಿಗೂ ಎರಡು ಜನ್ಮ. ಮೊದಲನೆಯದು ಕಾಗದದ ಮೇಲೆ. ಅಲ್ಲಿ ಐಶ್ವರ್ಯಕ್ಕೆ ಕೊರತೆಯಿಲ್ಲ, ದಪ್ಪ, ಓರೆ, ಸಣಕಲು, ದುಂಡು ಎಂದು ಬೇಕಾದ ಫಾಂಟನ್ನು ಬೇಕಾದ ಪದಕ್ಕೆ ತೊಡಿಸಬಹುದು. ಎರಡನೆಯದು ಟರ್ಮಿನಲ್ಲಿನ ಮೇಲೆ, ಅಂದರೆ ಯಂತ್ರದ ಕೋಣೆಗಳಲ್ಲಿರುವ ಆ ಕಪ್ಪು ಪರದೆಯ ಮೇಲೆ. ಅಲ್ಲಿರುವುದು ಒಂದೇ ಫಾಂಟು, ಬೇಕಾದರೆ ಅಕ್ಷರವನ್ನು ತುಸು ದಪ್ಪಗಾಗಿಸಬಹುದು, ಇಲ್ಲವೇ ಅಡಿಗೆರೆ ಎಳೆಯಬಹುದು, ಅಷ್ಟೇ ಅದರ ಆಸ್ತಿ. ಕಾಗದಕ್ಕೆಂದು ಸಿಂಗರಿಸಿದ ಕಡತವನ್ನು ಕಪ್ಪು ಪರದೆಗೆ ಹೊಂದಿಸಲು ಹೊರಟರೆ, ಹೊಂದಿಸುವ ತಂತ್ರಾಂಶ ಹೆಜ್ಜೆಹೆಜ್ಜೆಗೂ ಗೊಣಗುತ್ತದೆ: ಈ ಸಾಲಿನಲ್ಲಿ ಕೇಳಿದ ಫಾಂಟು ಇಲ್ಲಿಲ್ಲ, ಆ ಸಾಲಿನಲ್ಲಿ ಕೇಳಿದ್ದೂ ಇಲ್ಲಿಲ್ಲ. ಹಾಗೆ ಗೊಣಗಿ, ಆ ಪದವನ್ನು ಅಕ್ಕಪಕ್ಕದ ಪದಗಳ ವೇಷದಲ್ಲೇ ಕೂರಿಸಿ ಮುಂದೆ ಹೋಗುತ್ತದೆ. ಆ ಗೊಣಗಾಟಕ್ಕೆ ನಮ್ಮಲ್ಲಿ ವಾರ್ನಿಂಗು ಎಂದು ಹೆಸರು.

ಈ ವಾರ್ನಿಂಗುಗಳೊಡನೆ ಬಾಯಿಬಿಟ್ಟು ಮಾತಾಡುವುದು ಅವರ ಬಹುಕಾಲದ ಅಭ್ಯಾಸ. ಪರದೆಯ ತುಂಬ ದೂರುಗಳು ಇರುವೆಸಾಲಿನಂತೆ ಹರಿದು ಬರುತ್ತಿದ್ದರೆ, "ಗೊತ್ತಪ್ಪಾ, ಗೊತ್ತು. ನಿನ್ನ ಹತ್ರ ಇಲ್ಲ ಅಂತ ಊರಿಗೆಲ್ಲ ಯಾಕೆ ಸಾರ್ತೀಯ?" ಎನ್ನುತ್ತ ಪೆನ್ಸಿಲು ಚೂಪು ಮಾಡಿಕೊಂಡು ಕೂರುತ್ತಿದ್ದರು. ಮೂಲ ಕಡತವನ್ನು ಅವರು ಮುಟ್ಟುತ್ತಿರಲಿಲ್ಲ. ಕಾಗದದ ಪುಸ್ತಕವೇ ತಾಯಿ, ತಾಯಿಯ ಮೇಲೆ ಕೈಮಾಡಬಾರದು ಎಂಬುದು ಅವರ ಸಿದ್ಧಾಂತ. ಒಂದೊಂದು ವಾರ್ನಿಂಗನ್ನೂ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು, ಹೊಂದಿಸಿ ಬಂದ ಪಠ್ಯದಲ್ಲಿ ಆ ಜಾಗಕ್ಕೆ ಹೋಗಿ, ದಪ್ಪ ಬೇಕಾದಲ್ಲಿ ದಪ್ಪ, ಗೆರೆ ಬೇಕಾದಲ್ಲಿ ಗೆರೆ ಎಂದು ಕೈಯಾರೆ ತಿದ್ದುತ್ತಿದ್ದರು. ಕೈಪಿಡಿ ಸ್ವಲ್ಪ ಪರಿಷ್ಕಾರವಾದರೂ ಮತ್ತೆ ಮೊದಲಿನಿಂದ ಅದೇ ಜಪ, ಅದೇ ತಪಸ್ಸು. ವಾರ್ನಿಂಗುಗಳನ್ನು ಕಾಣದಂತೆ ಮಾಡಲು ಒಂದು ಸುಲಭೋಪಾಯವಿತ್ತು: ಆಜ್ಞೆಯ ಕೊನೆಗೆ ಒಂದು ಪುಟ್ಟ ಬಾಲ ಅಂಟಿಸಿದರೆ ದೂರುಗಳೆಲ್ಲ ತಳವಿಲ್ಲದ ಗುಂಡಿಗೆ ಬಿದ್ದು ಪರದೆ ಶಾಂತವಾಗುತ್ತಿತ್ತು. ಆ ಬಾಲವನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ. "ಮಗು ಅಳ್ತಿದ್ರೆ ಯಾಕೆ ಅಂತ ಕೇಳ್ಬೇಕು ಕಣ್ರೀ, ಬಾಯಿಗೆ ಬಟ್ಟೆ ತುರುಕೋದಲ್ಲ" ಎಂದು ಎಷ್ಟು ಜನರನ್ನು ಬೈದಿದ್ದರೋ! ಅವರ ಕೈಯಿಂದ ಹೊರಟ ಕೈಪಿಡಿಯಲ್ಲಿ ತಪ್ಪು ಕಂಡವರಿರಲಿಲ್ಲ. ಅವರ ನಿಧಾನಕ್ಕೆ ಮಾತ್ರ ನಾವು ಹಿಂದಿನಿಂದ ನಗುತ್ತಿದ್ದೆವು.

ಇಂಥವರ ನೆಮ್ಮದಿಗೆ ಕಲ್ಲು ಬಿದ್ದದ್ದು ಅವರ ಹೆಂಡತಿಯ ತಂಗಿಯಿಂದ. ನಾದಿನಿಗೆ ಕೆಲಸ ಕೊಡಿಸಿ ಎಂದು ಮನೆಯಲ್ಲಿ ಒತ್ತಾಯ ಬಂದಾಗ ಅವರೇ ದೊಡ್ಡ ಸಾಹೇಬರ ಬಳಿ ಶಿಫಾರಸು ಮಾಡಿದ್ದರು. ತನ್ನ ಕೆಲಸವನ್ನು ಕಣ್ಣರಳಿಸಿ ನೋಡುವ ಜೀವ ಇನ್ನೊಂದು ಬಂದೀತೆಂಬ ಆಸೆಯೂ ಒಳಗೊಳಗೆ ಇತ್ತು. ಆಕೆ ಬಂದ ಮೊದಲ ದಿನವೇ ಅವರ ಹೆಸರು ಹೋಯಿತು. ಅದುವರೆಗೆ ಎಲ್ಲರೂ ಅವರನ್ನು 'ಫಾಂಟ್ ಸಾಹೇಬರು' ಎನ್ನುತ್ತಿದ್ದರು. ಗೇಲಿಯೋ ಗೌರವವೋ, ಅಂತೂ ಸ್ವಂತ ಸಂಪಾದನೆ. ಆಕೆ ಮೇಜಿನಾಚೆಯಿಂದ "ಭಾವ, ನೀರಿನ ಬಾಟ್ಲು ಮರೆತು ಬಂದ್ರಿ, ಅಕ್ಕ ಕೊಟ್ಟಿದ್ದಾಳೆ" ಎಂದು ಕೂಗಿದ್ದೇ ತಡ, ಮಾರನೆಯ ದಿನದಿಂದ ಕಾವಲುಗಾರನಾದಿಯಾಗಿ ಕಚೇರಿಗೆ ಕಚೇರಿಯೇ ಅವರನ್ನು ಭಾವ ಎನ್ನತೊಡಗಿತು. ಇನ್ನೊಬ್ಬರ ಸಂಬಂಧದಿಂದ ಗುರುತಾಗುವ ಸಂಕಟ ಏನೆಂಬುದು ಅನುಭವಿಸಿದವರಿಗೇ ಗೊತ್ತು.

ಹೆಸರು ಹೋದರೆ ಹೋಗಲಿ ಎನ್ನಬಹುದಿತ್ತು. ಆದರೆ ಒಂದು ಸಂಜೆ ಮೇಜುಗಳ ನಡುವೆ ಹಾಯುವಾಗ ಅವರ ಕಣ್ಣು ನಾದಿನಿಯ ಪರದೆಯ ಮೇಲೆ ಜಾರಿ ಅಲ್ಲೇ ಸಿಕ್ಕಿಕೊಂಡಿತು. ಆಕೆ ಒಂದು ದೊಡ್ಡ ಕೈಪಿಡಿಯನ್ನು ಕಪ್ಪು ಪರದೆಗೆ ಹೊಂದಿಸುತ್ತಿದ್ದಳು. ಆಜ್ಞೆ ಕೊಟ್ಟಳು, ಕೆಲಸ ಮುಗಿಯಿತು. ಒಂದು ದೂರಿಲ್ಲ, ಒಂದು ಗೊಣಗಿಲ್ಲ, ಪರದೆ ಒರೆಸಿಟ್ಟ ಹಲಗೆಯಂತೆ ಖಾಲಿ. ಭಾವನವರ ಹೊಟ್ಟೆಗೆ ಬೆಂಕಿ ಬಿತ್ತು. ಬಾಲ ಅಂಟಿಸಿದ್ದಾಳೆ, ಸಂಶಯವೇ ಇಲ್ಲ ಎಂದುಕೊಂಡರು. ಮರುದಿನ ಪೆನ್ಸಿಲು ಬೀಳಿಸಿಕೊಂಡು ಆಕೆಯ ಕುರ್ಚಿಯ ಹಿಂದೆ ಬಹಳ ಹೊತ್ತು ಹುಡುಕಿದರು. ಪೆನ್ಸಿಲು ಸಿಕ್ಕಿತು, ಬಾಲ ಸಿಗಲಿಲ್ಲ. ಸಿಕ್ಕಿದ್ದರೆ ಅಂದು ರಾತ್ರಿ ಸುಖವಾಗಿ ನಿದ್ದೆ ಮಾಡುತ್ತಿದ್ದರು.

ಆಕೆಯೇ ತಿರುಗಿ ನೋಡಿ ನಕ್ಕಳು. "ಭಾವ, ತೋರಿಸಿಕೊಡ್ಲಾ? ತುಂಬ ಸುಲಭ. ಕಡತದ ತಲೆಯಲ್ಲಿ ನಾಲ್ಕೇ ಸಾಲು. ಇದು ಕಾಗದಕ್ಕಾ, ಕಪ್ಪು ಪರದೆಗಾ ಅಂತ ಮೊದಲೇ ಕೇಳಿಬಿಡೋದು. ಕಪ್ಪು ಪರದೆಗೆ ಅಂದ್ರೆ ಈ ಫಾಂಟಿನ ಬದಲು ದಪ್ಪಕ್ಷರ, ಆ ಫಾಂಟಿನ ಬದಲು ಅಡಿಗೆರೆ. ಇಲ್ಲದ್ದನ್ನ ಕೇಳದೇ ಇದ್ರೆ ಅದು ಯಾಕೆ ಗೊಣಗುತ್ತೆ?"

ಅವರು ಕನ್ನಡಕ ತೆಗೆದರು. "ಇರಬಹುದಮ್ಮ, ಇರಬಹುದು. ನಮ್ಮದೆಲ್ಲ ಹಳೇ ಕಾಲದ್ದು. ನಮಗ್ಯಾಕೆ ಇವೆಲ್ಲ!"

ತಾನು ವರ್ಷಗಟ್ಟಲೆ ವಾರ್ನಿಂಗಿಗೊಂದು ಪೆನ್ಸಿಲು ಸವೆಸಿ ಮಾಡಿದ್ದನ್ನು ಈಕೆ ಚಹಾ ಆರುವುದರೊಳಗೆ ಮಾಡಿ ಮುಗಿಸುತ್ತಾಳೆ, ಅದೂ ಮುಂದಿನ ಪರಿಷ್ಕಾರಕ್ಕೂ ಸೇರಿಸಿ! ಈ ಯೋಚನೆ ಊಟದ ತಟ್ಟೆಯವರೆಗೂ ಅವರ ಬೆನ್ನು ಹತ್ತಿ ಬಂತು. ಹೆಂಡತಿ ಬಡಿಸುತ್ತ, "ಏನ್ರೀ, ನಮ್ಮ ತಂಗಿ ಕೆಲಸ ಹೇಗೆ ಮಾಡ್ತಾಳೆ?" ಎಂದರು.

"ಮಾಡ್ತಾಳೆ."

"ನಿಮ್ಮ ದೊಡ್ಡ ಸಾಹೇಬ್ರು ಹೊಗಳಿದ್ರಂತೆ?"

ಕನ್ನಡಕ ಹೊರಬಂತು. ಹೆಂಡತಿ ಬಡಿಸುವುದನ್ನು ಅರ್ಧಕ್ಕೆ ನಿಲ್ಲಿಸಿ ನಕ್ಕುಬಿಟ್ಟರು. "ನಿಮ್ಮ ಹೊಟ್ಟೆ ಉರಿ ಮೇಲೆ ಒಂದು ಹಂಡೆ ನೀರು ಕಾಯಿಸಬಹುದು ಕಣ್ರೀ. ಅವಳೇನು ಹೊರಗಿನವಳಾ?" ಹೊರಗಿನವಳಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ ಎಂಬುದು ಆ ತಾಯಿಗೆ ಹೇಗೆ ತಿಳಿಯಬೇಕು? ಹೊರಗಿನವರ ಏಳಿಗೆಯನ್ನು ಸಂಜೆ ಕಚೇರಿಯಲ್ಲಿ ಬಿಟ್ಟು ಬರಬಹುದು, ಇದು ಭಾನುವಾರ ಮನೆಗೇ ಬಂದು, ಎದುರು ಕುರ್ಚಿಯಲ್ಲಿ ಕಾಲು ಮಡಚಿ ಕೂತು, "ಭಾವ, ಪೇಪರ್ ಓದಿ ಆಯ್ತಾ?" ಎನ್ನುತ್ತಿತ್ತು.

ಆ ಹೊತ್ತಿಗೆ ನಮ್ಮ ವಿಭಾಗದ ಮುಖ್ಯಸ್ಥರು ನಿವೃತ್ತರಾದರು. ಕಿಟಕಿಯ ಪಕ್ಕದ ಅವರ ಕೈಕುರ್ಚಿ ಖಾಲಿಯಾಯಿತು. ಆ ಕುರ್ಚಿಯನ್ನು ಭಾವನವರು ಎಷ್ಟು ಕಾಲದಿಂದ ಕಣ್ಣಿನಲ್ಲೇ ಅಳೆದಿದ್ದರೆಂದರೆ, ಅದರ ಎಡಗೈಯ ಮೇಲಿನ ಬಣ್ಣ ಯಾವಾಗ ಮಾಸಿತೆಂದು ಕೂತವರಿಗಿಂತ ಅವರಿಗೆ ಹೆಚ್ಚು ಗೊತ್ತಿತ್ತು. ಜೀವನದಲ್ಲಿ ಅವರು ಬೇರೇನನ್ನೂ ಅಷ್ಟು ಬಯಸಿದವರಲ್ಲ. ದೊಡ್ಡ ಸಾಹೇಬರು ನ್ಯಾಯಸ್ಥರು. ಊರಿಗೆ ನೀರು ಬಿಡುವ ಪಂಪ್‌ಹೌಸಿನ ಕೈಪಿಡಿ ಆಗ ಕೈಯಲ್ಲಿತ್ತು, ಪಂಪುಗಳ ಭಾಗ ನಾದಿನಿಯದು, ತೊಟ್ಟಿಗಳ ಭಾಗ ಭಾವನವರದು. "ಇಬ್ಬರೂ ಸೋಮವಾರ ನನ್ನ ಮುಂದೆ ಟರ್ಮಿನಲ್ಲಿಗೆ ಹೊಂದಿಸಿ ತೋರಿಸಿ. ನೋಡಿ ತೀರ್ಮಾನ ಮಾಡ್ತೀನಿ" ಎಂದರು.

ಸೋಮವಾರ ಬೆಳಿಗ್ಗೆ ಯಾರೂ ಬರುವ ಮೊದಲೇ ಭಾವನವರು ಕಚೇರಿಯಲ್ಲಿದ್ದರು. ಒಮ್ಮೆ ಪರೀಕ್ಷೆಗೆಂದು ಕಡತವನ್ನು ಓಡಿಸಿ ನೋಡಿದರು. ಎಂದಿನಂತೆ ದೂರುಗಳು ಪರದೆ ತುಂಬಿ ಹರಿದವು. ಎಂದಿನಂತೆ 'ಗೊತ್ತಪ್ಪಾ' ಎನ್ನಲು ಬಾಯಿ ಬರಲಿಲ್ಲ. ನಾದಿನಿಯ ಖಾಲಿ ಪರದೆಯ ಮಗ್ಗುಲಿಗೆ ಈ ಸಂತೆಯನ್ನು ದೊಡ್ಡ ಸಾಹೇಬರು ನೋಡುವ ಚಿತ್ರ ಕಣ್ಣಿಗೆ ಕಟ್ಟಿತು. ನಾಲ್ಕು ಸಾಲು ಕೇಳಿ ಕಲಿತಿದ್ದರೆ ಆಗುತ್ತಿತ್ತು; ಆದರೆ ಆಕೆಯನ್ನು ಕೇಳುವುದಕ್ಕಿಂತ ನಾಲಿಗೆ ಕಡಿದುಕೊಳ್ಳುವುದು ಲೇಸೆನಿಸಿತು. ಅತ್ತಿತ್ತ ನೋಡಿದರು. ಆಮೇಲೆ, ಜನ್ಮದಲ್ಲಿ ಮೊದಲ ಸಲ, ಆಜ್ಞೆಯ ಕೊನೆಗೆ ಆ ಬಾಲವನ್ನು ಅಂಟಿಸಿದರು. ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿಯಿತು.

ಪ್ರದರ್ಶನ ಸುಸೂತ್ರವಾಗಿ ಸಾಗಿತು. ನಾದಿನಿಯ ಪರದೆ ಮೌನ, ಭಾವನವರ ಪರದೆಯೂ ಮೌನ. ಆಜ್ಞೆಯ ಬಾಲದವರೆಗೆ ದೊಡ್ಡ ಸಾಹೇಬರ ಕಣ್ಣು ಹೋಗಲಿಲ್ಲ. ದೊಡ್ಡ ಸಾಹೇಬರು ಮುಗುಳ್ನಕ್ಕರು. "ಭೇಷ್! ಇಬ್ಬರೂ ಗಟ್ಟಿಗರೇ. ಹಾಗಿದ್ಮೇಲೆ ಕುರ್ಚಿ ಹಿರಿಯರಿಗೇ ಸೇರಬೇಕು. ಎರಡೂ ಭಾಗ ಇವತ್ತೇ ಪಂಪ್‌ಹೌಸಿಗೆ ಕಳಿಸಿಬಿಡಿ." ಕೈಯಿಂದ ತಿದ್ದಲು ಭಾವನವರಿಗೆ ಇನ್ನೂ ಸಮಯ ಬೇಕಿತ್ತು, ಕೇಳಿದರೆ ಮೌನದ ಗುಟ್ಟು ಹೊರಬೀಳುತ್ತಿತ್ತು. ಒಂದೆರಡು ಗೆರೆ ಇಲ್ಲದಿದ್ದರೆ ಆಕಾಶ ಕಳಚಿ ಬೀಳುತ್ತದೆಯೇ, ಓದುವವರಿಗೆ ಅಷ್ಟು ತಿಳಿಯುವುದಿಲ್ಲವೇ ಎಂದು ತಮಗೆ ತಾವೇ ಹೇಳಿಕೊಂಡು ಕಳಿಸಿದರು. ನಾದಿನಿ ಎಲ್ಲರಿಗಿಂತ ಮೊದಲು ಬಂದು ಕೈ ಕುಲುಕಿದಳು. ಆಕೆಯ ಮುಖದಲ್ಲಿ ಕರುಬಿನ ಒಂದು ಎಳೆಯನ್ನಾದರೂ ಅವರು ಹುಡುಕಿದರು, ಕಾಣಲಿಲ್ಲ. ಅದಕ್ಕೂ ಅವರಿಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಆದರೂ ಕುರ್ಚಿಯ ಸುಖ ಸುಖವೇ. ಆ ಕೆಲವು ದಿನ ಅವರು ಕನ್ನಡಕವನ್ನು ಕೊಳೆಯಾದಾಗ ಮಾತ್ರ ಒರೆಸಿದರು. ಕಾವಲುಗಾರನ ಕೂದಲನ್ನು ತಾವೇ ಮೆಚ್ಚಿ ಆಡಿದರಂತೆ. ಆತ ಗಾಬರಿಯಾಗಿ ತಲೆ ಮುಟ್ಟಿ ನೋಡಿಕೊಂಡನಂತೆ. ಮನೆಯಲ್ಲಿ ಹೆಂಡತಿ ಹಣೆ ಮುಟ್ಟಿ, "ಮೈ ಹುಷಾರಾಗಿದೆ ತಾನೇ?" ಎಂದು ವಿಚಾರಿಸಿದರು.

ಒಂದು ಬೆಳಿಗ್ಗೆ ಮುಖಕ್ಕೆ ಸೋಪು ಹಚ್ಚಿಕೊಂಡು ನಲ್ಲಿ ತಿರುಗಿಸಿದರೆ ನೀರಿಲ್ಲ. "ಯಾರೇ ಅದು ನೀರು ನಿಲ್ಲಿಸಿದ್ದು?" ಎಂದು ಕಣ್ಣುಮುಚ್ಚಿಕೊಂಡೇ ಕೂಗಿದರು. "ಇಡೀ ಬೀದಿಗೇ ಇಲ್ಲ ಕಣ್ರೀ" ಎಂದಿತು ಅಡುಗೆಮನೆ. ಟವೆಲ್ಲಿನಲ್ಲಿ ಸೋಪು ಒರೆಸಿಕೊಂಡು, ಒಂದು ಕೆನ್ನೆ ಬಿಗಿದುಕೊಂಡೇ ಕಚೇರಿಗೆ ಬಂದರು. ಬಾಗಿಲಲ್ಲೇ ನಾದಿನಿ ಫೋನಿನಲ್ಲಿ ಮಾತಾಡುತ್ತಿದ್ದುದು ಕೇಳಿಸಿತು. ಆ ಕಡೆಯ ದನಿ ಎಷ್ಟು ಗಟ್ಟಿಯಾಗಿತ್ತೆಂದರೆ ನಮಗೆಲ್ಲ ಸ್ಪಷ್ಟ. ಪಂಪ್‌ಹೌಸಿನಲ್ಲಿ ಯಂತ್ರ ನೋಡಿಕೊಳ್ಳುವ ಹೆಂಗಸು. ತೊಟ್ಟಿ ತೊಳೆದು ಮುಗಿದಿದೆ, ಮತ್ತೆ ತೆರೆಯಬೇಕು, ಯಂತ್ರ ಒಪ್ಪುತ್ತಿಲ್ಲ.

"ಪರದೆ ಮೇಲಿನ ಪುಸ್ತಕದಲ್ಲಿ ಹೇಗಿದೆಯೋ ಹಾಗೇ ಹೊಡೆದಿದ್ದೀನಿ ಮೇಡಂ. 'ತೆರೆ ತೊಟ್ಟಿಯ-ಹೆಸರು.' ತೊಟ್ಟಿಯ-ಹೆಸರು ಅನ್ನೋ ತೊಟ್ಟಿ ಇಲ್ಲ ಅನ್ನುತ್ತೆ. ಒಂದಕ್ಷರ ತಪ್ಪಿಲ್ಲ, ಬೇಕಾದ್ರೆ ಬಂದು ನೋಡಿ."

ಆಕೆಯ ತಪ್ಪೇನಿರಲಿಲ್ಲ. ಕಾಗದದ ಪುಸ್ತಕದಲ್ಲಿ 'ತೆರೆ' ನೆಟ್ಟಗೆ, 'ತೊಟ್ಟಿಯ-ಹೆಸರು' ಓರೆಯಾಗಿ ಇತ್ತು. ಓರೆಯಾದದ್ದನ್ನು ಹಾಗೇ ಬರೆಯಬಾರದು, ಅಲ್ಲಿ ನಿಮ್ಮ ತೊಟ್ಟಿಗೆ ಇಟ್ಟ ಹೆಸರನ್ನು ತುಂಬಬೇಕು ಎಂದು ಅರ್ಥ. ಕಪ್ಪು ಪರದೆಯಲ್ಲಿ ಅದಕ್ಕೆ ಅಡಿಗೆರೆ ಬರಬೇಕಿತ್ತು. ಓರೆ ಫಾಂಟು ಸಿಗದೆ ತಂತ್ರಾಂಶ ಗೊಣಗಿತ್ತು, ಗೊಣಗಿದ್ದು ಗುಂಡಿಗೆ ಬಿದ್ದಿತ್ತು, ಎರಡು ಪದಗಳೂ ಒಂದೇ ವೇಷದಲ್ಲಿ ಪಂಪ್‌ಹೌಸಿಗೆ ಹೋಗಿದ್ದವು. ನಾದಿನಿ ಬಿಡಿಸಿ ಹೇಳಿದಳು, ತೊಟ್ಟಿ ತೆರೆಯಿತು, ಊರಿಗೆ ನೀರು ಬಂತು. ಅಷ್ಟರಲ್ಲಿ ದೊಡ್ಡ ಸಾಹೇಬರಿಗೆ ಮೇಲಿನಿಂದ ಸಿಡಿಮಿಡಿ ತಲುಪಿತ್ತು. "ಅಷ್ಟೂ ತಿಳಿಯದವಳನ್ನ ಯಾಕೆ ಇಟ್ಕೊಂಡಿದ್ದಾರೆ? ಅವಳನ್ನ ಆ ಕೆಲಸದಿಂದ ತೆಗೀಲಿ ಅಂತ ಇವತ್ತೇ ಬರೀತೀನಿ" ಎನ್ನುತ್ತ ಅವರು ಕೋಣೆಗೆ ಹೋದರು. ಕೈಕುರ್ಚಿಯಲ್ಲಿ ಕೂತಿದ್ದ ಭಾವನವರು ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಳ್ಳುವುದೊಂದು ಬಾಕಿಯಿತ್ತು.

ನಾದಿನಿ ಭಾವನವರ ಕಡತವನ್ನು ತನ್ನ ಮೇಜಿನಲ್ಲಿ ಬಾಲವಿಲ್ಲದೆ ಓಡಿಸಿ ನೋಡಿದಳು. ದೂರುಗಳು ಧಾರಾಳವಾಗಿ ಹರಿದವು. ಆಕೆ ಎದ್ದು ಕಿಟಕಿಯ ಬಳಿ ಬಂದು ದನಿ ತಗ್ಗಿಸಿದಳು.

"ಭಾವ, ಆವತ್ತು ವಾರ್ನಿಂಗು ಬರಲಿಲ್ವಾ?"

ಭಾವನವರು ಕಿಟಕಿಯ ಹೊರಗೆ ನೋಡಿದರು.

"ಹೋಗ್ಲಿ ಬಿಡಿ. ನಾನು ಆ ನಾಲ್ಕು ಸಾಲು ಹಾಕಿ ಹೊಸ ಪ್ರತಿ ಕಳಿಸಿಬಿಡ್ತೀನಿ. ಪಂಪ್‌ಹೌಸಿನವಳ ವಿಷಯಾನೂ ಸಾಹೇಬ್ರಿಗೆ ಹೇಗೋ ಹೇಳಿ ಸಮಾಧಾನ ಮಾಡ್ತೀನಿ, ನಿಮ್ಮ ಹೆಸರು ಬರಲ್ಲ. ಯಾರಿಗೂ ಗೊತ್ತಾಗಲ್ಲ ಭಾವ. ಅಕ್ಕನಿಗೂ ಹೇಳಲ್ಲ."

ಬೈದಿದ್ದರೆ ಸಹಿಸಬಹುದಿತ್ತು, ನಕ್ಕಿದ್ದರೂ ಸಹಿಸಬಹುದಿತ್ತು. ಅಕ್ಕನಿಗೂ ಹೇಳುವುದಿಲ್ಲವಂತೆ! ಮುಂದಿನ ಭಾನುವಾರಗಳೆಲ್ಲ ಅವರ ಕಣ್ಣ ಮುಂದೆ ಸಾಲಾಗಿ ನಿಂತವು: ಎದುರು ಕುರ್ಚಿಯಲ್ಲಿ ಕಾಲು ಮಡಚಿ ಕೂತ ಈಕೆ, ಬಾಯಿ ಬಿಡದ ಈಕೆ, ಮಹಾತಾಯಿಯಂತೆ ನಗುವ ಈಕೆ, ಅವಳ ಔದಾರ್ಯದ ನೆರಳಿನಲ್ಲಿ ತಾನು ಸಾಯುವವರೆಗೆ ಪೇಪರ್ ಓದುತ್ತಿರಬೇಕು. ಕೆಲಸದಲ್ಲಿ ಗೆದ್ದಳು, ಹೆಸರಿನಲ್ಲಿ ಗೆದ್ದಳು, ಇನ್ನು ಒಳ್ಳೆಯತನದಲ್ಲೂ ಗೆಲ್ಲಬೇಕೆ? ಅವರು ದಢಕ್ಕನೆ ಎದ್ದರು. "ನೀನೇನೂ ಮಾಡೋದು ಬೇಡ" ಎಂದವರೇ ಮೇಜುಗಳ ನಡುವೆ ಹೊರಟರು. ಅಂದು ಅವರ ಕಣ್ಣು ಯಾರ ಪರದೆಯ ಕಡೆಗೂ ಜಾರಲಿಲ್ಲ.

ದೊಡ್ಡ ಸಾಹೇಬರ ಕೋಣೆಯ ಬಾಗಿಲು ತೆರೆದೇ ಇತ್ತು.

"ಪಂಪ್‌ಹೌಸಿನ ಹೆಂಗಸಿನ ತಪ್ಪಲ್ಲ ಸಾರ್. ನನ್ನದು. ವಾರ್ನಿಂಗುಗಳನ್ನ ಮುಚ್ಚಿಟ್ಟು ನಿಮಗೆ ತೋರಿಸಿದೆ. ತಿದ್ದದೇ ಕಳಿಸಿದೆ."

ದೊಡ್ಡ ಸಾಹೇಬರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು ಅವರತ್ತ ನೋಡಿದರು. "ನೀವು? ಬಾಲ ಹಚ್ಚಿದವರನ್ನೆಲ್ಲ ಬೈಕೊಂಡು ತಿರುಗ್ತಿದ್ದವರು ನೀವೇ ಅಲ್ವೇನ್ರೀ?"

"ಹೌದು ಸಾರ್."

"ಕುರ್ಚಿ ಹೋಗುತ್ತೆ, ಗೊತ್ತಲ್ಲ?"

"ಗೊತ್ತು."

"ನಿಮ್ಮ ನಾದಿನಿಗೆ ಒಂದು ಮಾತು ಹೇಳಿದ್ರೆ ಸದ್ದಿಲ್ಲದೆ ಸರಿ ಮಾಡಿಕೊಡ್ತಿದ್ಲಲ್ಲ?"

"ಮಾಡಿಕೊಡ್ತೀನಿ ಅಂದ್ಲು. ನಾನೇ ಬೇಡ ಅಂದೆ."

"ಯಾಕೆ?"

ಭಾವನವರು "ಅವಳು ಒಳ್ಳೆಯವಳಾಗಿಬಿಡ್ತಾಳೆ ಸಾರ್" ಎಂದರು.

ಕೈಕುರ್ಚಿ ಆ ವಾರವೇ ನಾದಿನಿಯ ಪಾಲಾಯಿತು. ಭಾವನವರು ಹಳೆಯ ಮೇಜಿಗೆ ಮರಳಿ, ಯಾರನ್ನೂ ಕೇಳದೆ, ಆ ತಂತ್ರಾಂಶದ ಹಳೆಯ ಕೈಪಿಡಿಗಳನ್ನು ಜಾಲಾಡಿ, ಆ ಫಾಂಟು ಬದಲಿಸುವ ಉಪಾಯವನ್ನು ತಾವೇ ಕಂಡುಕೊಂಡರು. ತಾಯಿಯ ಮೇಲೆ ಕೈಮಾಡಬಾರದೆಂಬ ಸಿದ್ಧಾಂತ ಅಲ್ಲಿಗೆ ಕೊನೆಗೊಂಡಿತು. "ಅವಳದು ನಾಲ್ಕು ಸಾಲು, ನನ್ನದು ಮೂರೇ" ಎಂದು ಬಹುದಿನ ಕಂಡಕಂಡವರಿಗೆಲ್ಲ ಹೇಳುತ್ತಿದ್ದರು. ಆ ಮೂರು ಸಾಲನ್ನು ನಾದಿನಿ ನೋಡಿ, ತನ್ನದನ್ನು ಅಳಿಸಿ ಅದನ್ನೇ ಕಚೇರಿಯ ನಿಯಮ ಮಾಡಿದಳು. ಅಂದು ಭಾವನವರು ಊಟ ಬಿಟ್ಟರು ಎನ್ನುತ್ತಾರೆ. ಸಂತೋಷಕ್ಕೋ ಸಂಕಟಕ್ಕೋ ಹೆಂಡತಿಗೂ ತಿಳಿಯಲಿಲ್ಲ.

ಹೊಟ್ಟೆಕಿಚ್ಚಿನವರ ವಿಷಯದಲ್ಲಿ ಲೋಕ ಎಂದೂ ಒಳ್ಳೆಯ ಮಾತಾಡಿಲ್ಲ, ಆಡಬೇಕೆಂದು ಅವರೂ ಅಪೇಕ್ಷಿಸಿದವರಲ್ಲ. ಆದರೆ ಇನ್ನೊಬ್ಬರ ಹಿರಿಮೆಯನ್ನು ಅವರಷ್ಟು ಕರಾರುವಾಕ್ಕಾಗಿ ತೂಗುವವರು ಬೇರೆ ಇಲ್ಲ. ನಾವೆಲ್ಲ ಆ ನಾದಿನಿಯನ್ನು ಜಾಣೆ ಎಂದು ಬಾಯಿಮಾತಿಗೆ ಹೊಗಳಿ ನಮ್ಮ ಪಾಡಿಗೆ ಚಹಾ ಕುಡಿಯುತ್ತಿದ್ದೆವು. ಆಕೆ ಎಷ್ಟು ದೊಡ್ಡವಳೆಂಬುದನ್ನು ಪೂರ್ತಿ ಅರಿತವರು, ಅರಿತು ನಿದ್ದೆಗೆಟ್ಟವರು ಅವರೊಬ್ಬರೇ. ನಿಜ ನುಡಿದವರನ್ನು ಧರ್ಮಾತ್ಮರೆಂದು ಕರೆದು ನಾವು ಕೈಮುಗಿಯುತ್ತೇವೆ, ಆ ನಿಜ ಅವರೊಳಗಿನ ಯಾವ ಮೂಲೆಯಿಂದ ಎದ್ದು ಬಂತೆಂದು ಕೇಳಲು ಹೋಗುವುದಿಲ್ಲ. ಕೇಳಿದರೆ ಅರ್ಧಕ್ಕರ್ಧ ಧರ್ಮಾತ್ಮರು ಇಂಥ ಕಿಚ್ಚಿನವರೇ ಆಗಿದ್ದಾರು. ಭಾವನವರ ಮಾತಿನಲ್ಲಿ ದಯೆ ಇರಲಿಲ್ಲ, ಪಶ್ಚಾತ್ತಾಪವೂ ಅಷ್ಟಕ್ಕಷ್ಟೇ. ಏನೇ ಇರಲಿ, ದೊಡ್ಡ ಸಾಹೇಬರು ಆ ಅರ್ಧ ಬರೆದ ಕಾಗದವನ್ನು ಹರಿದು ಹಾಕಿದರು, ಪಂಪ್‌ಹೌಸಿನ ಹೆಂಗಸು ಮರುದಿನವೂ ಎಂದಿನ ಹೊತ್ತಿಗೆ ಕೆಲಸಕ್ಕೆ ಹೋದಳು.